ವಾಣಿಜ್ಯ ಮತ್ತು ಮ್ಯಾನೇಜ್‌ಮೆಂಟ್ ಪಿಎಚ್.ಡಿ.: ಅರ್ಜಿ ಹಾಕುವ ಮುನ್ನ

(ಸಂಸ್ಥೆಯ ವಾರ್ಷಿಕ ಶೈಕ್ಷಣಿಕ ಸಮಾವೇಶದಲ್ಲಿ ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಓದಬೇಕೆಂಬ ಆಜ್ಞೆಯೊಂದಿಗೆ ಆರಂಭವಾದ ಧರ್ಮ ನಮ್ಮದು ಎಂದು ಪ್ರತಿ ವರ್ಷ ಈ ವೇದಿಕೆಯಲ್ಲಿ ಯಾರಾದರೊಬ್ಬರು ನೆನಪಿಸುತ್ತಾರೆ. ಪ್ರವಾದಿ(ಸ) ವ್ಯಾಪಾರ ಮಾಡಿದವರು, ಹಝ್ರತ್ ಖದೀಜಾ(ರ) ದೊಡ್ಡ ವರ್ತಕಿಯಾಗಿದ್ದರು ಎಂಬುದನ್ನೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಓದಿಗೂ ನಮ್ಮಲ್ಲಿ ಗೌರವವಿದೆ, ವ್ಯಾಪಾರಕ್ಕೂ ಗೌರವವಿದೆ. ಆದರೆ ಇವೆರಡೂ ಸೇರುವ ಒಂದು ಜಾಗವಿದೆ. ವ್ಯಾಪಾರವನ್ನೇ ವಿಷಯವಾಗಿಟ್ಟುಕೊಂಡು ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆಯುವ ದಾರಿ ಅದು. ಆ ದಾರಿಯ ಬಗ್ಗೆ ನಮ್ಮ ಮನೆಗಳಲ್ಲಿ ಮಾತಾಡುವವರು ಬಹಳ ಕಡಿಮೆ.

ಸಾಚಾರ್ ಸಮಿತಿ 2006ರಲ್ಲಿ ಕೊಟ್ಟ ವರದಿಯಲ್ಲಿ ಒಂದು ಲೆಕ್ಕವಿದೆ. ಆಗ ದೇಶದ ಎಲ್ಲ ಐ.ಐ.ಎಂ.ಗಳ ಎಲ್ಲ ಕೋರ್ಸುಗಳಲ್ಲಿ ಒಟ್ಟು 4,743 ವಿದ್ಯಾರ್ಥಿಗಳಿದ್ದರು. ಅವರಲ್ಲಿ ಮುಸ್ಲಿಮರು 63 ಮಂದಿ. ಅಂದರೆ ಶೇಕಡಾ 1.3. ಅಂಕಿ ಹಳೆಯದು, ಇದನ್ನು ದೂರು ಹೇಳುವುದಕ್ಕಾಗಿ ನಾನು ಎತ್ತುತ್ತಿಲ್ಲ. ಆಯ್ಕೆಯಾಗದ್ದಕ್ಕೆ ಕಾರಣಗಳು ನೂರು ಇರಬಹುದು. ಆದರೆ ನಮ್ಮಲ್ಲಿ ಹೆಚ್ಚಿನವರು ಅರ್ಜಿಯನ್ನೇ ಹಾಕುವುದಿಲ್ಲ ಎಂಬುದನ್ನು ಇಪ್ಪತ್ತು ವರ್ಷ ಪಾಠ ಮಾಡಿದ ಅನುಭವದಿಂದ ಹೇಳಬಲ್ಲೆ.

ಕಳೆದ ವರ್ಷ ಮಾರ್ಚ್ ತಿಂಗಳಲ್ಲಿ ಎಂ.ಕಾಂ. ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ನನ್ನ ಬಳಿ ಬಂದಳು. "ಸರ್, ನನಗೆ ಇನ್ನೂ ಓದಬೇಕು ಅಂತ ಇದೆ. ಆದರೆ ಉಮ್ಮ ಬೀಡಿ ಕಟ್ಟಿ ಇಷ್ಟು ಓದಿಸಿದ್ದೇ ಹೆಚ್ಚು. ಇನ್ನು ಫೀಸು ಕಟ್ಟಲಿಕ್ಕೆ ನಮ್ಮಿಂದ ಆಗುವುದಿಲ್ಲ" ಎಂದಳು. "ಒಳ್ಳೆಯ ಕಡೆ ಪಿಎಚ್.ಡಿ.ಗೆ ಸೇರಿದರೆ ನೀನು ಫೀಸು ಕಟ್ಟಲಿಕ್ಕಿಲ್ಲ, ಅವರೇ ನಿನಗೆ ತಿಂಗಳು ತಿಂಗಳು ಹಣ ಕೊಡುತ್ತಾರೆ" ಎಂದೆ. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಳು. ತಮಾಷೆಯಲ್ಲ ಎಂದು ತಿಳಿದಾಗ ಆಕೆ ಕೇಳಿದ ಮುಂದಿನ ಪ್ರಶ್ನೆ, "ಅರ್ಜಿಗೆ ಕೊನೆಯ ದಿನ ಯಾವುದು?" ಅದು ಆಗಲೇ ಮುಗಿದು ಹೋಗಿತ್ತು. ಆಕೆಗೆ ಒಂದು ವರ್ಷ ಹೋಯಿತು. ನಿಮಗೆ ಹಾಗಾಗಬಾರದು ಎಂಬುದಕ್ಕಾಗಿ ಇಂದಿನ ಈ ಮಾತು.

ಎಂ.ಬಿ.ಎ. ಬೇರೆ, ಪಿಎಚ್.ಡಿ. ಬೇರೆ

ಎಂ.ಬಿ.ಎ. ಎಂದರೆ ವ್ಯವಹಾರ ನಡೆಸುವುದನ್ನು ಕಲಿಯುವುದು. ಪಿಎಚ್.ಡಿ. ಎಂದರೆ ವ್ಯವಹಾರ ಹೇಗೆ ನಡೆಯುತ್ತದೆ, ಯಾಕೆ ಹಾಗೆ ನಡೆಯುತ್ತದೆ ಎಂದು ಕಂಡುಹಿಡಿಯುವುದು. ಕಂಪೆನಿಯಲ್ಲಿ ಬೇಗ ಮೇಲಕ್ಕೆ ಹೋಗಬೇಕೆನ್ನುವವರು ಪಿಎಚ್.ಡಿ. ಮಾಡಬೇಕಾಗಿಲ್ಲ. ಮದುವೆಯ ಆಮಂತ್ರಣ ಪತ್ರದಲ್ಲಿ ಹೆಸರಿನ ಮುಂದೆ 'ಡಾ.' ಎಂದು ಹಾಕಿಸಿಕೊಳ್ಳಲು ನಾಲ್ಕೈದು ವರ್ಷ ಕೊಡುವುದೂ ಬುದ್ಧಿವಂತಿಕೆಯಲ್ಲ. ಒಂದು ಪ್ರಶ್ನೆ ತಲೆಯಲ್ಲಿ ಕುಳಿತು ನಿದ್ದೆ ಕೆಡಿಸಬೇಕು. ಪಾಠ ಮಾಡುವುದು, ಬರೆಯುವುದು ಇಷ್ಟವಿರಬೇಕು. ಅಂಥವರಿಗೆ ಈ ದಾರಿ.

ಭಾರತೀಯರು ಈ ಕ್ಷೇತ್ರದಲ್ಲಿ ಹಿಂದೆ ಬಿದ್ದಿಲ್ಲ. ಸಿ.ಕೆ. ಪ್ರಹ್ಲಾದ್ ಅಹಮದಾಬಾದಿನ ಐ.ಐ.ಎಂ.ನಲ್ಲಿ ಓದಿ, 1975ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದು ಜಗತ್ತಿನ ಕಂಪೆನಿಗಳೆಲ್ಲ ಕಿವಿಗೊಟ್ಟು ಕೇಳುವ ಪ್ರಾಧ್ಯಾಪಕರಾದರು. ಸುಮಂತ್ರ ಘೋಷಾಲ್ ಇಂಡಿಯನ್ ಆಯಿಲ್‌ನಲ್ಲಿ ನೌಕರಿಯಲ್ಲಿದ್ದವರು. ಅಮೆರಿಕಕ್ಕೆ ಹೋಗಿ ಎಂ.ಐ.ಟಿ. ಮತ್ತು ಹಾರ್ವರ್ಡ್ ಎರಡೂ ಕಡೆಯಿಂದ ಡಾಕ್ಟರೇಟ್ ಪಡೆದರು.

ಬೂತಾಯಿ ಮೀನೂ ಒಂದು ಪ್ರಬಂಧ

"ಸಂಶೋಧನೆ ಮಾಡಲು ನನ್ನ ಊರಿನಲ್ಲಿ ಏನಿದೆ?" ಎಂದು ಕೇಳುವವರಿಗೆ ಒಂದು ನಿಜ ಸಂಗತಿ ಹೇಳುತ್ತೇನೆ.

ನಮ್ಮ ಪಕ್ಕದ ಕಾಸರಗೋಡು, ಅದರಾಚೆಯ ಕಣ್ಣೂರು, ಕೋಝಿಕ್ಕೋಡ್, ಈ ಮೂರು ಜಿಲ್ಲೆಗಳ ಕಡಲ ತೀರದಲ್ಲಿ 1997ರಿಂದ 2001ರ ನಡುವೆ ಮೊಬೈಲ್ ಟವರುಗಳು ಒಂದೊಂದಾಗಿ ಬಂದವು. ಅದಕ್ಕಿಂತ ಮೊದಲು ಬೆಳಿಗ್ಗೆ ದೋಣಿ ದಡಕ್ಕೆ ಬಂದಾಗ ಒಂದು ಕಡೆ ಬೂತಾಯಿ ರಾಶಿ ಬಿದ್ದು, ಕೊಳ್ಳುವವರಿಲ್ಲದೆ ಚೆಲ್ಲಬೇಕಾಗುತ್ತಿತ್ತು. ಅದೇ ಹೊತ್ತಿಗೆ 15 ಕಿ.ಮೀ. ಒಳಗಿನ ಇನ್ನೊಂದು ದಡದಲ್ಲಿ ಮೀನಿಲ್ಲದೆ ವ್ಯಾಪಾರಿಗಳು ಬರಿಗೈಯಲ್ಲಿ ಹೋಗುತ್ತಿದ್ದರು. ಯಾವ ದಡದಲ್ಲಿ ಏನು ದರ ಎಂದು ಕಡಲಲ್ಲಿದ್ದವನಿಗೆ ತಿಳಿಯುವ ಉಪಾಯವಿರಲಿಲ್ಲ. ಮೊಬೈಲ್ ಬಂದ ಮೇಲೆ ದೋಣಿಯಿಂದಲೇ ಫೋನ್ ಮಾಡಿ ದರ ಕೇಳಿ, ಎಲ್ಲಿ ಬೇಡಿಕೆಯಿದೆಯೋ ಅಲ್ಲಿಗೆ ದೋಣಿ ತಿರುಗಿಸಿದರು.

ರಾಬರ್ಟ್ ಜೆನ್ಸನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಈ ತೀರದ 15 ಮಾರುಕಟ್ಟೆಗಳ ದರಗಳನ್ನು ಟವರ್ ಬರುವ ಮೊದಲು, ಬಂದ ನಂತರ ಹೋಲಿಸಿ ನೋಡಿದರು. ದಡದಿಂದ ದಡಕ್ಕೆ ದರದ ಅಂತರ ಬಹುಮಟ್ಟಿಗೆ ಅಳಿದು ಹೋಯಿತು. ಮೀನು ಚೆಲ್ಲುವುದು ನಿಂತಿತು. ಮೀನುಗಾರರ ಲಾಭ ಶೇ. 8ರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ಶೇ. 4ರಷ್ಟು ಇಳಿಯಿತು. 2007ರಲ್ಲಿ ಪ್ರಕಟವಾದ ಈ ಪ್ರಬಂಧವನ್ನು ಇಂದಿಗೂ ಜಗತ್ತಿನ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಪಾಠ ಮಾಡುತ್ತಾರೆ. ಮುಂದೆ 2018ರಲ್ಲಿ ಅವರೇ ಇನ್ನೊಬ್ಬರೊಡನೆ ಸೇರಿ ಕೇರಳದ ದೋಣಿ ಕಟ್ಟುವವರ ಬಗ್ಗೆಯೂ ಬರೆದರು. ಮೀನುಗಾರರು ದೂರದ ದಡಗಳಿಗೆ ಹೋಗತೊಡಗಿದಾಗ ಬೇರೆ ಊರಿನ ಒಳ್ಳೆಯ ಬಡಗಿಗಳ ಕೆಲಸ ಅವರ ಕಣ್ಣಿಗೆ ಬಿತ್ತು. ಒಳ್ಳೆಯ ದೋಣಿ ಕಟ್ಟುವವರು ಬೆಳೆದರು, ಉಳಿದವರು ಹಿಂದೆ ಬಿದ್ದರು.

ಮಂಗಳೂರಿನ ದಕ್ಕೆಯಲ್ಲಿ ಬೆಳಿಗ್ಗೆ ನಿಂತವರಿಗೆ ಇದರಲ್ಲಿ ಹೊಸತೇನೂ ಕಾಣಿಸದು. ನಿಮ್ಮ ಮಾಮಂದಿರಿಗೆ ಇದು ಬಾಯಿಪಾಠ. ಆದರೆ ಅದನ್ನು ಪ್ರಶ್ನೆಯಾಗಿ ಕೇಳಿ, ವರ್ಷಗಟ್ಟಲೆ ದರ ಬರೆದಿಟ್ಟು, ಬೇರೆ ಕಾರಣಗಳನ್ನೆಲ್ಲ ತಳ್ಳಿ ಹಾಕಿ, ಇದರಿಂದಲೇ ಇದಾಯಿತು ಎಂದು ಸಾಬೀತು ಮಾಡಲು ಅಮೆರಿಕದಿಂದ ಒಬ್ಬರು ಬರಬೇಕಾಯಿತು. ಆ ಕೆಲಸ ಕಲಿಸುವುದೇ ಪಿಎಚ್.ಡಿ.

ನಿಮ್ಮ ಸುತ್ತ ಇಂಥ ಪ್ರಶ್ನೆಗಳು ಎಷ್ಟೋ ಇವೆ. ಬೀಡಿ ಬ್ರಾಂಚಿನ ಲೆಕ್ಕ ಹೇಗೆ ನಡೆಯುತ್ತದೆ? ಕಿರಾಣಿ ಅಂಗಡಿಯವರು ಯಾರಿಗೆ ಸಾಲ ಬರೆದುಕೊಳ್ಳುತ್ತಾರೆ, ಯಾರಿಗೆ ಇಲ್ಲ, ಯಾವ ಆಧಾರದ ಮೇಲೆ? ಗಲ್ಫಿನಿಂದ ಮರಳಿ ಬಂದವರು ಹಾಕಿದ ಅಂಗಡಿಗಳಲ್ಲಿ ಉಳಿಯುವುದು ಯಾವುವು, ಮುಚ್ಚುವುದು ಯಾವುವು? ಉಡುಪಿಯಲ್ಲಿ 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಸ್ಥಾಪಿಸಿದ ಬ್ಯಾಂಕು ಕಾರ್ಪೊರೇಷನ್ ಬ್ಯಾಂಕಾಗಿ ಬೆಳೆಯಿತು. 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನೊಂದಿಗೆ ವಿಲೀನವಾಯಿತು. ಅದೇ 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಮೂಲ ಸಂಸ್ಥೆ, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಮೂಲ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕ್. ಒಂದೇ ಕರಾವಳಿಯ ತುಂಡಿನಲ್ಲಿ ಇಷ್ಟು ಬ್ಯಾಂಕುಗಳು ಯಾಕೆ ಹುಟ್ಟಿದವು? ಇದನ್ನು ಕೇಳುವ ಹಕ್ಕು ನಿಮಗಿಂತ ಹೆಚ್ಚು ಯಾರಿಗಿದೆ?

ಹಣದ ಪ್ರಶ್ನೆ

ನಮ್ಮ ಮಕ್ಕಳು ಉನ್ನತ ಶಿಕ್ಷಣದಿಂದ ಹಿಂದೆ ಸರಿಯಲು ಎರಡು ಕಾರಣ. ಒಂದು ಫೀಸು. ಇನ್ನೊಂದು ಬಡ್ಡಿಯ ಸಾಲ. ದೊಡ್ಡ ಕಾಲೇಜಿನ ಎಂ.ಬಿ.ಎ.ಗೆ ಹತ್ತಾರು ಲಕ್ಷ ಬೇಕು, ಬ್ಯಾಂಕು ಬಡ್ಡಿಯಿಲ್ಲದೆ ಕೊಡುವುದಿಲ್ಲ. ಬಡ್ಡಿಗೆ ಹೆದರುವ ಕುಟುಂಬ ಅಲ್ಲಿಗೇ ನಿಲ್ಲುತ್ತದೆ. ಆ ಭಯವನ್ನು ನಾನು ಗೌರವಿಸುತ್ತೇನೆ. ಆದರೆ ಅದೇ ಸಂಸ್ಥೆಯ ಪಿಎಚ್.ಡಿ. ವಿಭಾಗದಲ್ಲಿ ಬೋಧನಾ ಶುಲ್ಕವಿಲ್ಲ, ತಿಂಗಳಿಗೆ ವಿದ್ಯಾರ್ಥಿವೇತನವಿದೆ ಎಂಬುದು ಅನೇಕರಿಗೆ ತಿಳಿಯದು. ಐ.ಐ.ಎಂ.ಗಳ ಪೂರ್ಣಾವಧಿ ಪಿಎಚ್.ಡಿ.ಯಲ್ಲಿ ಸಾಮಾನ್ಯವಾಗಿ ಹೀಗೆಯೇ. ಅಮೆರಿಕದ ಒಳ್ಳೆಯ ಬಿಸಿನೆಸ್ ಸ್ಕೂಲುಗಳಲ್ಲಿಯೂ ಬೋಧನಾ ಶುಲ್ಕ ಮನ್ನಾ ಮಾಡಿ, ಜೀವನಕ್ಕೆ ಸ್ಟೈಪೆಂಡ್ ಕೊಡುತ್ತಾರೆ. ನೆದರ್ಲೆಂಡ್ಸ್ ಮತ್ತು ಸ್ವೀಡನ್ನಿನಂತಹ ದೇಶಗಳಲ್ಲಿ ಪಿಎಚ್.ಡಿ. ವಿದ್ಯಾರ್ಥಿಯನ್ನು ಸಾಮಾನ್ಯವಾಗಿ ಸಂಬಳದ ನೌಕರನಾಗಿಯೇ ನೇಮಿಸಿಕೊಳ್ಳುತ್ತಾರೆ.

ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಸೇರುವವರಿಗೆ ದೊಡ್ಡ ಆಸರೆ ಯು.ಜಿ.ಸಿ.ಯ ಜೆ.ಆರ್.ಎಫ್. 2023ರ ಜನವರಿಯಿಂದ ಅದರ ಮೊತ್ತ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಇದಲ್ಲದೆ 2009ರಲ್ಲಿ ಆರಂಭವಾದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ನಮ್ಮ ಸಮುದಾಯದ ಅನೇಕರನ್ನು ಪಿಎಚ್.ಡಿ. ಮುಗಿಸುವಂತೆ ಮಾಡಿತ್ತು. 2022-23ರಿಂದ ಅದನ್ನು ನಿಲ್ಲಿಸಲಾಗಿದೆ. ವಿದೇಶಕ್ಕೆ ಓದಲು ಹೋಗುವವರ ಸಾಲದ ಬಡ್ಡಿಗೆ ನೆರವು ಕೊಡುತ್ತಿದ್ದ 'ಪಢೋ ಪರ್‌ದೇಶ್' ಯೋಜನೆಯೂ ಆಗಲೇ ನಿಂತಿತು. ಇದರಿಂದ ನಮಗೆ ಆದ ನಷ್ಟ ಸಣ್ಣದಲ್ಲ. ಆದುದರಿಂದ ಈಗ ಜೆ.ಆರ್.ಎಫ್. ಪರೀಕ್ಷೆಯನ್ನು ಗಂಭೀರವಾಗಿ ತೆಗೆದುಕೊಳ್ಳುವುದು ಅನಿವಾರ್ಯ. ರಾಜ್ಯದ ಅಲ್ಪಸಂಖ್ಯಾತರ ನಿರ್ದೇಶನಾಲಯದ ಫೆಲೋಶಿಪ್ ಮತ್ತು ಐ.ಸಿ.ಎಸ್.ಎಸ್.ಆರ್.ನ ಡಾಕ್ಟರಲ್ ಫೆಲೋಶಿಪ್‌ಗಳ ಪ್ರಕಟಣೆಯನ್ನೂ ಪ್ರತಿ ವರ್ಷ ನೋಡುತ್ತಿರಿ. ಇವುಗಳ ಮೊತ್ತ, ನಿಯಮ ಬದಲಾಗುತ್ತಿರುತ್ತವೆ. ಯಾರೋ ಹೇಳಿದ್ದನ್ನು ನಂಬದೆ ಆ ವರ್ಷದ ಪ್ರಕಟಣೆಯನ್ನೇ ಓದಿ.

ಮೂರು ದಾರಿಗಳು

ಮೊದಲನೆಯದು ನಮ್ಮ ರಾಜ್ಯದ ವಿಶ್ವವಿದ್ಯಾನಿಲಯಗಳು. ಇವು 2022ರ ಯು.ಜಿ.ಸಿ. ಪಿಎಚ್.ಡಿ. ನಿಯಮಾವಳಿಯಂತೆ ನಡೆಯಬೇಕು. ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು, ಎಸ್.ಸಿ., ಎಸ್.ಟಿ., ಕೆನೆಪದರಕ್ಕೆ ಸೇರದ ಒ.ಬಿ.ಸಿ., ಅಂಗವಿಕಲರು ಮತ್ತು ಆರ್ಥಿಕವಾಗಿ ಹಿಂದುಳಿದವರಿಗೆ ಶೇ. 5ರ ರಿಯಾಯಿತಿ. ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಪಡೆದವರೂ ನೇರವಾಗಿ ಅರ್ಹರು. ಅವಧಿ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಪ್ರವೇಶಕ್ಕೆ ಎನ್.ಇ.ಟಿ. ಅಥವಾ ಪ್ರವೇಶ ಪರೀಕ್ಷೆ, ಆಮೇಲೆ ಸಂದರ್ಶನ. ಎನ್.ಇ.ಟಿ.ಯಲ್ಲಿ ವಾಣಿಜ್ಯ ಮತ್ತು ಮ್ಯಾನೇಜ್‌ಮೆಂಟ್ ಎರಡೂ ಬೇರೆ ಬೇರೆ ವಿಷಯಗಳು. ನಿಮ್ಮ ಸ್ನಾತಕೋತ್ತರ ಪದವಿಗೆ ಹೊಂದುವುದನ್ನು ಆರಿಸಿ.

ಇಲ್ಲಿ ಒಂದು ಎಚ್ಚರಿಕೆ. ರಾಜ್ಯದ ಪ್ರವರ್ಗ 2ಬಿ ಪ್ರಮಾಣಪತ್ರ ಕೇಂದ್ರದ ಪರೀಕ್ಷೆಗಳಿಗೆ ಸಾಲದು. ಅಲ್ಲಿಗೆ ಕೇಂದ್ರದ ನಮೂನೆಯ ಒ.ಬಿ.ಸಿ. ಪ್ರಮಾಣಪತ್ರ ಬೇಕು. ನಮ್ಮಲ್ಲಿನ ಎಲ್ಲ ಗುಂಪುಗಳೂ ಕೇಂದ್ರದ ಪಟ್ಟಿಯಲ್ಲಿ ಇಲ್ಲ. ಪಟ್ಟಿಯಲ್ಲಿ ಇಲ್ಲದವರು ಆದಾಯ, ಆಸ್ತಿಯ ಮಿತಿಯೊಳಗಿದ್ದರೆ ಇ.ಡಬ್ಲ್ಯು.ಎಸ್. ಪ್ರಮಾಣಪತ್ರಕ್ಕೆ ಪ್ರಯತ್ನಿಸಬಹುದು. ತಾಲೂಕು ಕಚೇರಿಗೆ ಹೋಗುವ ಕೆಲಸವನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ.

ಎರಡನೆಯದು ಐ.ಐ.ಎಂ.ಗಳು, ಐ.ಐ.ಟಿ.ಗಳ ಮ್ಯಾನೇಜ್‌ಮೆಂಟ್ ವಿಭಾಗಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮ್ಯಾನೇಜ್‌ಮೆಂಟ್ ವಿಭಾಗ, ಸುರತ್ಕಲ್ಲಿನ ಎನ್.ಐ.ಟಿ.ಕೆ.ಯಂಥವು. ಐ.ಐ.ಎಂ.ಗಳಲ್ಲಿ ಇದು ಮೊದಲು 'ಫೆಲೋ ಪ್ರೋಗ್ರಾಂ' ಎಂದಿತ್ತು. ಐ.ಐ.ಎಂ. ಕಾಯ್ದೆ 2018ರ ಜನವರಿ 31ರಂದು ಜಾರಿಗೆ ಬಂದ ಮೇಲೆ ಪಿಎಚ್.ಡಿ. ಪದವಿಯನ್ನೇ ಕೊಡುತ್ತಿದ್ದಾರೆ. ಎಂ.ಕಾಂ., ಎಂ.ಬಿ.ಎ. ಮಾತ್ರವಲ್ಲ, ಅರ್ಥಶಾಸ್ತ್ರ, ಗಣಿತ, ಸಮಾಜಶಾಸ್ತ್ರದ ಸ್ನಾತಕೋತ್ತರರು, ಇಂಜಿನಿಯರುಗಳು, ಪದವಿಯೊಂದಿಗೆ ಸಿ.ಎ. ಮುಗಿಸಿದವರೂ ಅರ್ಜಿ ಹಾಕಬಹುದು. ಸಿ.ಎ.ಟಿ. ಅಥವಾ ಅದಕ್ಕೆ ಬದಲಾಗಿ ಜಿಮ್ಯಾಟ್, ಜಿ.ಆರ್.ಇ., ಗೇಟ್, ಜೆ.ಆರ್.ಎಫ್. ಇವುಗಳಲ್ಲಿ ಆ ಸಂಸ್ಥೆ ಒಪ್ಪುವ ಒಂದು ಅಂಕ ಬೇಕು. ಯಾವುದು ನಡೆಯುತ್ತದೆ ಎಂಬುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಸಿ.ಎ.ಟಿ. ನವೆಂಬರಿನಲ್ಲಿ ನಡೆಯುತ್ತದೆ, ಅದರ ನೋಂದಣಿ ಆಗಸ್ಟ್-ಸೆಪ್ಟೆಂಬರಿನಲ್ಲಿಯೇ ಮುಗಿಯುತ್ತದೆ. ಪಿಎಚ್.ಡಿ. ಅರ್ಜಿ ಸಾಮಾನ್ಯವಾಗಿ ವರ್ಷದ ಕೊನೆ ಅಥವಾ ಹೊಸ ವರ್ಷದ ಮೊದಲ ತಿಂಗಳುಗಳಲ್ಲಿ, ಸಂದರ್ಶನ ಅದರ ಬೆನ್ನಿಗೆ. ಸೇರಿದ ಮೇಲೆ ಮೊದಲ ಎರಡು ವರ್ಷ ತರಗತಿ, ಬಳಿಕ ಒಂದು ಕಠಿಣ ಅರ್ಹತಾ ಪರೀಕ್ಷೆ, ಅನಂತರ ಪ್ರಬಂಧ.

ಮೂರನೆಯದು ವಿದೇಶ. ಅಮೆರಿಕದಲ್ಲಿ ಆಗಸ್ಟ್-ಸೆಪ್ಟೆಂಬರಿನಲ್ಲಿ ಸೇರುವುದಕ್ಕೆ ಹಿಂದಿನ ಡಿಸೆಂಬರ್-ಜನವರಿಯಲ್ಲಿ ಅರ್ಜಿ ಹಾಕಬೇಕು. ಒಂದು ವಿಭಾಗ ವರ್ಷಕ್ಕೆ ತೆಗೆದುಕೊಳ್ಳುವುದು ಬೆರಳೆಣಿಕೆಯಷ್ಟು ಮಂದಿಯನ್ನು. ಅಕೌಂಟಿಂಗ್, ಫೈನಾನ್ಸ್, ಮಾರ್ಕೆಟಿಂಗ್, ಸಂಸ್ಥೆಗಳ ವರ್ತನೆ, ತಂತ್ರ, ಆಪರೇಷನ್ಸ್, ಮಾಹಿತಿ ವ್ಯವಸ್ಥೆ ಎಂದು ವಿಭಾಗಗಳು ಬೇರೆ ಬೇರೆ. ನೀವು ಅರ್ಜಿ ಹಾಕುವುದು ಇಂಥ ಒಂದು ವಿಭಾಗಕ್ಕೆ. ಜಿಮ್ಯಾಟ್ ಅಥವಾ ಜಿ.ಆರ್.ಇ. ಅಂಕಕ್ಕೆ ಐದು ವರ್ಷದ ಬಾಳಿಕೆ, ಇಂಗ್ಲಿಷ್ ಪರೀಕ್ಷೆಯ ಅಂಕಕ್ಕೆ ಎರಡೇ ವರ್ಷ. ಅರ್ಜಿ ಶುಲ್ಕ ಒಂದೊಂದಕ್ಕೆ ಸುಮಾರು ನೂರು ಡಾಲರಿನ ಆಸುಪಾಸು. ಹಣದ ಅಡಚಣೆಯಿದ್ದರೆ ಶುಲ್ಕ ಮನ್ನಾ ಮಾಡುವಂತೆ ಕೇಳಿ ಬರೆಯಿರಿ. ಹಲವು ಕಡೆ ಮಾಡುತ್ತಾರೆ, ಕೇಳಿದರೆ ನಿಮ್ಮ ಗೌರವ ಕಡಿಮೆಯಾಗುವುದಿಲ್ಲ. ಧನಸಹಾಯದೊಂದಿಗೆ ಸೀಟು ಸಿಕ್ಕಿದರೆ ಉತ್ತರ ಕೊಡಲು ಬಹುತೇಕ ವಿಶ್ವವಿದ್ಯಾನಿಲಯಗಳಲ್ಲಿ ಏಪ್ರಿಲ್ 15ರವರೆಗೆ ಅವಕಾಶವಿರುತ್ತದೆ. ಧನಸಹಾಯವಿಲ್ಲದೆ ಬರೀ ಸೀಟು ಕೊಟ್ಟರೆ ಒಪ್ಪಬೇಡಿ ಎಂಬುದು ನನ್ನ ಸಲಹೆ.

ಅರ್ಜಿಯಲ್ಲಿ ಏನಿರಬೇಕು

ಅರ್ಜಿಯ ಪ್ರಾಣ ಎಂದರೆ ಉದ್ದೇಶ ಪತ್ರ, ಅಂದರೆ ಸ್ಟೇಟ್‌ಮೆಂಟ್ ಆಫ್ ಪರ್ಪಸ್. ಎರಡು ಪುಟದ ಆ ಪತ್ರದಲ್ಲಿ ಹೆಚ್ಚಿನವರು ಬಾಲ್ಯದಿಂದ ಕತೆ ಆರಂಭಿಸುತ್ತಾರೆ. ಓದುವವರಿಗೆ ಬೇಕಾಗಿರುವುದು ನಾಲ್ಕು ವಿಷಯ. ನಿಮ್ಮ ಪ್ರಶ್ನೆ ಯಾವುದು? ಅದರ ಬಗ್ಗೆ ಈವರೆಗೆ ಯಾರು ಏನು ಕಂಡುಹಿಡಿದಿದ್ದಾರೆ ಎಂಬುದನ್ನು ಓದಿದ್ದೀರಾ? ಅದಕ್ಕೆ ಉತ್ತರ ಹುಡುಕಲು ನಿಮ್ಮ ಬಳಿ ಯಾವ ತಯಾರಿ ಇದೆ? ಆ ಕೆಲಸಕ್ಕೆ ಈ ವಿಭಾಗವೇ ಯಾಕೆ, ಇಲ್ಲಿನ ಯಾವ ಪ್ರಾಧ್ಯಾಪಕರ ಯಾವ ಪ್ರಬಂಧ ನಿಮ್ಮನ್ನು ಎಳೆಯಿತು? 'ಸಣ್ಣ ಉದ್ಯಮಗಳ ಸಮಸ್ಯೆಗಳು: ಒಂದು ಅಧ್ಯಯನ' ಎಂಬುದು ಪ್ರಶ್ನೆಯಲ್ಲ. 'ಗಲ್ಫ್ ಹಣದಿಂದ ಆರಂಭಿಸಿದ ಅಂಗಡಿಗೂ ಸ್ಥಳೀಯ ಸಾಲದಿಂದ ಆರಂಭಿಸಿದ ಅಂಗಡಿಗೂ ಬದುಕುಳಿಯುವ ಅವಧಿಯಲ್ಲಿ ವ್ಯತ್ಯಾಸವಿದೆಯೇ?' ಇದು ಪ್ರಶ್ನೆ. ಇದಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರ ಬರಬಹುದು, ಉತ್ತರ ತಪ್ಪಾಗಲೂಬಹುದು.

ಎರಡನೆಯದು ಅಧ್ಯಾಪಕರ ಶಿಫಾರಸು ಪತ್ರ. ಇಲ್ಲಿ ನಾನು ಎಡವಿದವನು. ಎಂ.ಕಾಂ. ಮುಗಿಸಿ ಮೂರು ವರ್ಷ ಪಾಠ ಮಾಡಿದ ಮೇಲೆ ಮೊದಲ ಬಾರಿ ಅರ್ಜಿ ಹಾಕಿದೆ. ಎಂಟು ಕಡೆ ಹಾಕಿದ್ದೆ, ಎಂಟೂ ಕಡೆಯಿಂದ ಇಲ್ಲವೆಂದು ಬಂತು. ಕೊನೆಯ ವಾರದಲ್ಲಿ ಹೋಗಿ ಕೇಳಿದ್ದರಿಂದ ನನ್ನ ಹಿಂದಿನ ಅಧ್ಯಾಪಕರೊಬ್ಬರು, "ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ" ಎಂದಿದ್ದರು. ನಾನೇ ಬರೆದೆ. ನನ್ನ ಉದ್ದೇಶ ಪತ್ರದ ವಾಕ್ಯಗಳೇ ಆ ಪತ್ರದಲ್ಲೂ ಇದ್ದವು! ಓದಿದವರಿಗೆ ಇಬ್ಬರ ಕೈಬರಹ ಒಂದೇ ಎಂದು ತಿಳಿಯದಿರಲು ಸಾಧ್ಯವೇ? ಮರುವರ್ಷ ಎರಡು ತಿಂಗಳು ಮೊದಲೇ ಬೇರೊಬ್ಬ ಅಧ್ಯಾಪಕರ ಬಳಿಗೆ ಹೋದೆ. ನನ್ನ ಅಂಕಪಟ್ಟಿ, ಅವರ ತರಗತಿಯಲ್ಲಿ ಬರೆದ ಪ್ರಬಂಧ, ಉದ್ದೇಶ ಪತ್ರದ ಕರಡು, ಕೊನೆಯ ದಿನಾಂಕಗಳ ಪಟ್ಟಿ ಎಲ್ಲವನ್ನೂ ಒಂದು ಫೈಲಿನಲ್ಲಿ ಕೊಟ್ಟೆ. ನಾನು ಒಂದು ಲೆಕ್ಕವನ್ನು ತಪ್ಪಾಗಿ ಮಾಡಿ, ಮರುದಿನ ಬಂದು ಅದನ್ನು ನಾನೇ ತಿದ್ದಿದ ಸಂಗತಿಯನ್ನು ಅವರು ಪತ್ರದಲ್ಲಿ ಬರೆದಿದ್ದರಂತೆ. ಸಂದರ್ಶನದಲ್ಲಿ ಮೊದಲು ಕೇಳಿದ್ದೇ ಅದರ ಬಗ್ಗೆ. ಹೊಗಳಿಕೆಗಿಂತ ಇಂಥ ಒಂದು ಘಟನೆ ಹೆಚ್ಚು ಕೆಲಸ ಮಾಡುತ್ತದೆ.

ಮೂರನೆಯದು ಲೆಕ್ಕದ ತಯಾರಿ. ವಾಣಿಜ್ಯ ಓದಿದ ನಮ್ಮ ಮಕ್ಕಳು ಹೆಚ್ಚಾಗಿ ಸೋಲುವುದು ಇಲ್ಲಿಯೇ. ಇಂದಿನ ವ್ಯವಹಾರ ಸಂಶೋಧನೆ ಸಂಖ್ಯಾಶಾಸ್ತ್ರವಿಲ್ಲದೆ ನಡೆಯದು. ಸಂಭವನೀಯತೆ, ರಿಗ್ರೆಷನ್, ಸ್ವಲ್ಪ ಕಲನಶಾಸ್ತ್ರ ಇವನ್ನು ಸ್ವಯಂ ಮತ್ತು ಎನ್.ಪಿ.ಟಿ.ಇ.ಎಲ್. ಜಾಲತಾಣಗಳಲ್ಲಿ ಹಣ ಕೊಡದೆ ಕಲಿಯಬಹುದು. 'ಆರ್' ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶವೂ ಉಚಿತ. ದಿನಕ್ಕೆ ಒಂದು ಗಂಟೆಯಂತೆ ಆರು ತಿಂಗಳು ಕುಳಿತರೆ ಬಹಳ ದೂರ ಹೋಗಬಹುದು.

ಪ್ರಾಧ್ಯಾಪಕರಿಗೆ ಇಮೇಲ್ ಬರೆಯಬೇಕೇ ಎಂದು ಕೇಳುತ್ತೀರಿ. ಯೂರೋಪು, ಬ್ರಿಟನ್‌ಗಳಲ್ಲಿ ಅನೇಕ ಕಡೆ ಮೊದಲೇ ಮಾರ್ಗದರ್ಶಕರನ್ನು ಹುಡುಕಿ, ಸಂಶೋಧನಾ ಪ್ರಸ್ತಾವ ಕಳುಹಿಸಬೇಕಾಗುತ್ತದೆ. ಅಮೆರಿಕದ ಬಿಸಿನೆಸ್ ಸ್ಕೂಲುಗಳಲ್ಲಿ ಆಯ್ಕೆ ಮಾಡುವುದು ಸಮಿತಿ. ಅಲ್ಲಿ ಇಮೇಲಿನಿಂದ ಸೀಟು ಸಿಗುವುದಿಲ್ಲ. ಬರೆಯುವುದಾದರೆ ಆರೇಳು ಸಾಲು ಸಾಕು. ಅವರ ಪ್ರಬಂಧವನ್ನು ನಿಜವಾಗಿ ಓದಿರಬೇಕು. ನೂರು ಮಂದಿಗೆ ಒಂದೇ ಪತ್ರ ಕಳುಹಿಸಿದರೆ ನೂರು ಮಂದಿಯೂ ಅಳಿಸಿ ಹಾಕುತ್ತಾರೆ.

ಮೋಸದ ಅಂಗಡಿಗಳು

ಇದನ್ನು ಹೇಳಲು ಸಂಕೋಚವಾಗುತ್ತದೆ, ಆದರೆ ಹೇಳದಿದ್ದರೆ ತಪ್ಪಾಗುತ್ತದೆ. ಹಣ ಕೊಟ್ಟರೆ ಪ್ರಬಂಧ ಬರೆದು ಕೊಡುವವರಿದ್ದಾರೆ. ಹಣ ಕೊಟ್ಟರೆ ಒಂದು ವಾರದಲ್ಲಿ ಲೇಖನ ಪ್ರಕಟಿಸುವ ಪತ್ರಿಕೆಗಳಿವೆ. ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು ಯು.ಜಿ.ಸಿ. 2022ರ ನಿಯಮಾವಳಿಯಲ್ಲಿ ಕೈಬಿಟ್ಟಿದೆ. ಆದುದರಿಂದ ಇಂಥ ಅಂಗಡಿಗಳಿಗೆ ಹೋಗುವ ನೆಪವೂ ಈಗ ಉಳಿದಿಲ್ಲ. 2018ರಿಂದ ಕೃತಿಚೌರ್ಯ ತಡೆಯುವ ಪ್ರತ್ಯೇಕ ನಿಯಮಾವಳಿಯಿದೆ. ಸಿಕ್ಕಿಬಿದ್ದರೆ ನೋಂದಣಿಯೇ ರದ್ದಾಗಬಹುದು. ಅದಕ್ಕಿಂತಲೂ ದೊಡ್ಡ ವಿಷಯ, ಬೇರೆಯವರು ಬರೆದ ಪುಸ್ತಕದ ಮೇಲೆ ನಮ್ಮ ಹೆಸರು ಹಾಕಿಸಿಕೊಂಡು ಜೀವನವಿಡೀ ಸಂಬಳ ತಿಂದರೆ ಅದು ಹಲಾಲ್ ಸಂಪಾದನೆಯೇ ಎಂದು ನಿಮ್ಮ ಮನಸ್ಸನ್ನೇ ಕೇಳಿಕೊಳ್ಳಿ.

ಹೆತ್ತವರಲ್ಲಿ ಎರಡು ಮಾತು

ಹುಡುಗ ಗಲ್ಫಿಗೆ ಹೋದರೆ ಮುಂದಿನ ತಿಂಗಳಿನಿಂದ ಮನೆಗೆ ಹಣ ಬರುತ್ತದೆ. ಪಿಎಚ್.ಡಿ.ಗೆ ಹೋದರೆ ಐದು ವರ್ಷ ಸ್ಟೈಪೆಂಡ್ ಮಾತ್ರ. ಮನೆ ಕಟ್ಟಲು, ತಂಗಿಯ ಮದುವೆಗೆ ಅದು ಸಾಲದು. ಇದನ್ನು ಮುಚ್ಚಿಟ್ಟು ನಿಮ್ಮನ್ನು ಒಪ್ಪಿಸಲು ನಾನು ಬಯಸುವುದಿಲ್ಲ. ಮುಗಿಸಿದವರೆಲ್ಲರಿಗೂ ಒಳ್ಳೆಯ ಉದ್ಯೋಗ ಸಿಗುತ್ತದೆಂಬ ಖಾತರಿಯೂ ಇಲ್ಲ. ಎಲ್ಲಿ ಮಾಡಿದರು, ಹೇಗೆ ಮಾಡಿದರು ಎಂಬುದರ ಮೇಲೆ ಅದು ನಿಂತಿದೆ. ಮಗನೊಡನೆ ಕುಳಿತು ಲೆಕ್ಕ ಹಾಕಿ, ಸಾಧ್ಯವಿದ್ದರೆ ಕಳುಹಿಸಿ. ಸಾಧ್ಯವಿಲ್ಲದಿದ್ದರೆ ಕೆಲಸ ಮಾಡುತ್ತಲೇ ಅರೆಕಾಲಿಕವಾಗಿ ಪಿಎಚ್.ಡಿ. ಮಾಡಲು ಸಹ 2022ರ ನಿಯಮಗಳಲ್ಲಿ ಅವಕಾಶವಿದೆ.

ಹೆಣ್ಣುಮಕ್ಕಳ ಹೆತ್ತವರ ಪ್ರಶ್ನೆ ಬೇರೆ: "ಐದು ವರ್ಷ ಓದಿದರೆ 'ನಿಕಾಹ್' ಯಾವಾಗ?" ನಿಯಮಗಳೇ ಇದಕ್ಕೆ ಸ್ವಲ್ಪ ಉತ್ತರ ಕೊಡುತ್ತವೆ. ಮಹಿಳೆಯರಿಗೆ ಪ್ರಬಂಧ ಮುಗಿಸಲು ಎರಡು ವರ್ಷ ಹೆಚ್ಚುವರಿ ಅವಧಿಯಿದೆ. ಹೆರಿಗೆ ಹಾಗೂ ಮಕ್ಕಳ ಆರೈಕೆಗಾಗಿ 240 ದಿನಗಳವರೆಗೆ ರಜೆಯಿದೆ. ಮದುವೆಯಾಗಿ ಬೇರೆ ಊರಿಗೆ ಹೋದರೆ ಮಾಡಿದ ಸಂಶೋಧನೆಯನ್ನು ಅಲ್ಲಿನ ವಿಶ್ವವಿದ್ಯಾನಿಲಯಕ್ಕೆ ವರ್ಗಾಯಿಸಿಕೊಳ್ಳಲೂ ಅವಕಾಶವಿದೆ. ಜೆ.ಆರ್.ಎಫ್.ನ ವಯೋಮಿತಿ 30, ಮಹಿಳೆಯರಿಗೆ ಐದು ವರ್ಷ ಸಡಿಲಿಕೆ. ಆದುದರಿಂದ ಮದುವೆ ಮತ್ತು ಓದು ಇವುಗಳಲ್ಲಿ ಒಂದನ್ನು ಬಿಡಬೇಕೆಂದು ಮಗಳಿಗೆ ಹೇಳುವ ಮೊದಲು ಸಂಬಂಧ ಕೇಳಿ ಬಂದವರಿಗೆ, "ನಮ್ಮ ಹುಡುಗಿ ಓದುತ್ತಿದ್ದಾಳೆ, ಮುಂದೆಯೂ ಓದುತ್ತಾಳೆ" ಎಂದು ಹೇಳಿ ನೋಡಿ. ಒಪ್ಪುವವರು ಇದ್ದಾರೆ.

ಸಂಸ್ಥೆಗೊಂದು ಕೋರಿಕೆ

ಕೊನೆಯದಾಗಿ ಅಧ್ಯಕ್ಷರಲ್ಲಿ ಒಂದು ಕೋರಿಕೆ. ನಮ್ಮ ಸಂಸ್ಥೆ ಪ್ರತಿ ವರ್ಷ ಪ್ರತಿಭಾ ಪುರಸ್ಕಾರ ಕೊಡುತ್ತದೆ. ಅದು ಗೆದ್ದ ಮೇಲೆ ಕೊಡುವ ಫಲಕ. ಅರ್ಜಿ ಹಾಕುವ ಹಂತದಲ್ಲಿ ಪರೀಕ್ಷಾ ಶುಲ್ಕ, ಅರ್ಜಿ ಶುಲ್ಕ, ಸಂದರ್ಶನಕ್ಕೆ ಹೋಗುವ ರೈಲು ಖರ್ಚು ಇವೆಲ್ಲ ಸೇರಿದಾಗ ಬಡ ಮನೆಯ ಮಗು ಕೈಚೆಲ್ಲುತ್ತದೆ. ಐದು ವರ್ಷದ ಓದಿಗೆ ಹಣ ಕೊಡಲು ಬೇರೆಯವರು ಸಿದ್ಧರಿದ್ದಾರೆ, ಬಾಗಿಲು ತಟ್ಟುವ ಖರ್ಚನ್ನು ಮಾತ್ರ ನಾವು ಕೊಟ್ಟರೆ ಸಾಕು. ವರ್ಷಕ್ಕೆ ಹತ್ತು ಮಂದಿಗೆ ಇಂಥ ಒಂದು 'ಅರ್ಜಿ ನಿಧಿ' ಆರಂಭಿಸಬಹುದೇ? ಜೊತೆಗೆ ಪ್ರತಿ ಜೂನ್ ತಿಂಗಳಲ್ಲಿ ಆ ವರ್ಷದ ಕೊನೆಯ ದಿನಾಂಕಗಳನ್ನು ಬರೆದು ಕಾಲೇಜುಗಳ ಮತ್ತು ಮಸೀದಿಗಳ ಫಲಕದಲ್ಲಿ ಹಾಕಿಸಬಹುದೇ? ಪಿಎಚ್.ಡಿ. ಮಾಡಿದ ನಾವು ಕೆಲವರು ಮಕ್ಕಳ ಉದ್ದೇಶ ಪತ್ರಗಳನ್ನು ಓದಿ ತಿದ್ದಿ ಕೊಡಲು ಸಿದ್ಧರಿದ್ದೇವೆ. ಅದಕ್ಕೆ ಯಾವ ಸಂಭಾವನೆಯೂ ಬೇಡ.

ಆರಂಭದಲ್ಲಿ ಹೇಳಿದ ವಿದ್ಯಾರ್ಥಿನಿಯ ವಿಷಯ ಕೇಳಬೇಕೆನಿಸಿರಬಹುದು. ಆ ಒಂದು ವರ್ಷವನ್ನು ಆಕೆ ಹಾಳು ಮಾಡಲಿಲ್ಲ. ಹತ್ತಿರದ ಶಾಲೆಯಲ್ಲಿ ಪಾಠ ಮಾಡುತ್ತ, ರಾತ್ರಿ ಸಂಖ್ಯಾಶಾಸ್ತ್ರ ಕಲಿತಳು. ಬೀಡಿ ಕಟ್ಟುವ ಮನೆಗಳಲ್ಲಿ ವಾರದ ಹಣವನ್ನು ಯಾರು, ಹೇಗೆ ಖರ್ಚು ಮಾಡುತ್ತಾರೆ ಎಂಬುದು ಆಕೆಯ ಪ್ರಶ್ನೆ. ಈ ಬಾರಿ ಮೂರು ಕಡೆ ಅರ್ಜಿ ಹಾಕಿದ್ದಾಳೆ, ಮೂರೂ ಕೊನೆಯ ದಿನಕ್ಕಿಂತ ವಾರ ಮೊದಲೇ ಹೋಗಿವೆ. ಫಲಿತಾಂಶ ಇನ್ನೂ ಬಂದಿಲ್ಲ. ಸಿಕ್ಕಿದರೆ ಅಲ್‌ಹಮ್ದುಲಿಲ್ಲಾಹ್, ಸಿಗದಿದ್ದರೆ ಮುಂದಿನ ವರ್ಷ ಪುನಃ ಹಾಕುತ್ತೇನೆ ಎಂದಿದ್ದಾಳೆ. ಎಂಟು ಕಡೆಯಿಂದ ಇಲ್ಲವೆನಿಸಿಕೊಂಡ ನಾನು ಅವಳಿಗೆ ಹೇಳಿಕೊಡಬೇಕಾದ್ದು ಇನ್ನೇನೂ ಉಳಿದಿಲ್ಲ.

ನಿಮ್ಮಲ್ಲಿ ಒಬ್ಬರಾದರೂ ಇಂದು ಮನೆಗೆ ಹೋಗಿ ನಿಮ್ಮ ಪ್ರಶ್ನೆಯನ್ನು ಒಂದು ಹಾಳೆಯಲ್ಲಿ ಬರೆದಿಟ್ಟರೆ ನಾನು ಬಂದದ್ದು ಸಾರ್ಥಕ. ಅಲ್ಲಾಹನು ನಮ್ಮೆಲ್ಲರ ಜ್ಞಾನದಲ್ಲಿ, ದುಡಿಮೆಯಲ್ಲಿ ಬರಕತ್ ನೀಡಲಿ. ಆಮೀನ್.